ಬುಧವಾರದ ಕೂಟ ನಿಲ್ಲಿಸಬೇಡಿ

ಕುವೈತ್

ಪ್ರೀತಿಯ ಅಪ್ಪ, ಅಮ್ಮನಿಗೆ,

ಕರ್ತನಾದ ಯೇಸುವಿನ ನಾಮದಲ್ಲಿ ವಂದನೆಗಳು. ನಾನು ಕ್ಷೇಮವಾಗಿದ್ದೇನೆ. ಬಿಸಿಲು ವಿಪರೀತ, ಕೆಲಸ ಎಂದಿನಂತೆ.

ಅಮ್ಮ ಫೋನಿನಲ್ಲಿ ಹೇಳಿದ ಎರಡು ಸಂಗತಿಗಳು ತಲೆಯಲ್ಲೇ ಕೂತಿವೆ. ನಮ್ಮ ಮನೆಯ ಪ್ರಾರ್ಥನಾ ಕೂಟಕ್ಕೆ ನಾಲ್ಕೈದು ಜನರಷ್ಟೇ ಬರುತ್ತಾರೆ, ನಿಲ್ಲಿಸಿಬಿಡೋಣ ಎಂದು ಅಪ್ಪ ಅಂದದ್ದು ಒಂದು. ಆಲೂಗಡ್ಡೆಗೆ ಅಂಗಮಾರಿ ಬಿದ್ದು ಸಾಲ ಹೊತ್ತು ಕೂತಿರುವ ಚಿಕ್ಕಪ್ಪ, ‘ಇದನ್ನು ಕೂಟದಲ್ಲಿ ಎತ್ತಬೇಡಿ, ಆಲೂರಿಗೆಲ್ಲ ಗೊತ್ತಾಗುತ್ತದೆ’ ಎಂದದ್ದು ಇನ್ನೊಂದು.

ಅಪ್ಪ, ದಯವಿಟ್ಟು ನಿಲ್ಲಿಸಬೇಡಿ. ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಯೇಸುವಿನ ಶಿಷ್ಯ ಪೇತ್ರ ಸೆರೆಯಲ್ಲಿದ್ದ ರಾತ್ರಿ ಜನ ಕೂಡಿ ಪ್ರಾರ್ಥಿಸುತ್ತಿದ್ದದ್ದು ಮಾರ್ಕನ ತಾಯಿ ಮರಿಯಳ ಮನೆಯಲ್ಲಿ. ಬಿಡುಗಡೆಯಾದ ಪೇತ್ರನೇ ಬಂದು ಕದ ತಟ್ಟಿದ. ರೋದೆ ಎಂಬ ಹುಡುಗಿ ಓಡಿಬಂದು ಹೇಳಿದರೆ, ಒಳಗಿದ್ದವರು ‘ನಿನಗೆ ಹುಚ್ಚು’ ಅಂದರು! ಬೇಡಿಕೊಂಡದ್ದು ಬಾಗಿಲಿಗೇ ಬಂದರೂ ನಂಬಲಾಗದವರ ಮೊರೆಯನ್ನು ದೇವರು ಕೇಳಿದ. ನಿಮ್ಮ ನಾಲ್ಕೈದು ಜನರದ್ದನ್ನು ಕೇಳದೆ ಇರುತ್ತಾನೆಯೇ?

ಚಿಕ್ಕಪ್ಪನ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ಎಷ್ಟೋ ಸಭೆಗಳನ್ನು ಕಟ್ಟಿದ ಪೌಲನಂಥ ಪೌಲನೇ, ತಾನಿನ್ನೂ ಕಾಲಿಡದ ರೋಮಿನ ಸಭೆಗೆ ಪತ್ರ ಬರೆದು, ತನಗಾಗಿ ಹೋರಾಡಿ ಪ್ರಾರ್ಥಿಸಿರಿ ಎಂದು ಬೇಡಿಕೊಂಡ. ಕೇಳುವುದರಲ್ಲಿ ಅವಮಾನವಿಲ್ಲ. ಅವಮಾನ ಮಾಡುವವರು ಕೇಳಿಸಿಕೊಂಡವರು. ಕೂಟದಲ್ಲಿ ಹೇಳಿದ ಕಷ್ಟ ಮರುದಿನ ಸಂತೆಯಲ್ಲಿ ಓಡಾಡಿದರೆ ಅದಕ್ಕೆ ಚಾಡಿ ಎನ್ನಬೇಕು. ಅಮ್ಮ, ಬರುವವರಿಗೆ ಇದನ್ನು ನೀವೇ ಖಡಾಖಂಡಿತವಾಗಿ ಹೇಳಿ, ನಿಮ್ಮ ಮಾತನ್ನು ಯಾರೂ ಮೀರುವುದಿಲ್ಲ. ಪ್ರಾರ್ಥಿಸಿದವರಲ್ಲಿ ಒಬ್ಬರಾದರೂ ಚಿಕ್ಕಪ್ಪನ ಜೊತೆ ಬ್ಯಾಂಕಿಗೆ ಹೋಗಿ, ಮ್ಯಾನೇಜರ್ ಮುಂದೆ ಪಕ್ಕದಲ್ಲಿ ಕೂರಲಿ. ಹಸಿದವನಿಗೆ ಬರೀ ಒಳ್ಳೆಯ ಮಾತು ಹೇಳಿ ಕಳಿಸಿದರೆ ಏನು ಪ್ರಯೋಜನ ಎಂದು ಯಾಕೋಬನೂ ತನ್ನ ಪತ್ರದಲ್ಲಿ ಕೇಳುತ್ತಾನಲ್ಲ.

ಇಲ್ಲಿ ನಮಗೆ ಶುಕ್ರವಾರ ರಜೆ, ಆರಾಧನೆಯೂ ಅಂದೇ. ಒಂದೇ ಆವರಣದಲ್ಲಿ ಹಲವು ಭಾಷೆಗಳ ಸಭೆಗಳು ಸೇರುತ್ತವೆ. ಆರಾಧನೆ ಮುಗಿದ ಮೇಲೆ ತಮಿಳಿನ ಹಿರಿಯರೊಬ್ಬರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ‘ಊರಿನಲ್ಲಿ ಯಾರಿಗೆ ಏನಾಗಬೇಕು?’ ಎಂದು ಒಬ್ಬೊಬ್ಬರನ್ನೇ ಕೇಳುತ್ತಾರೆ. ಅಪ್ಪನ ಕಣ್ಣಿನ ಪೊರೆಯ ವಿಷಯ ಹೇಳಿದ್ದೆ. ಮುಂದಿನ ವಾರ ಸಿಕ್ಕವರೇ, ‘ಬಲಗಣ್ಣೋ, ಎಡಗಣ್ಣೋ?’ ಎಂದರು. ಎಡಗಣ್ಣು ಎಂದೆ. ಅದನ್ನೂ ಬರೆದುಕೊಂಡರು. ಹಾಸನವನ್ನು ಕಂಡವರಲ್ಲ, ಅಪ್ಪನ ಮುಖ ನೋಡಿದವರಲ್ಲ. ನನಗೆ ಮಾತೇ ಹೊರಡಲಿಲ್ಲ. ‘ಎಲ್ಲರನ್ನೂ ಆಶೀರ್ವದಿಸು’ ಎಂದು ಒಟ್ಟಾರೆ ಮುಗಿಸುವ ಬದಲು ನೀವೂ ಹೀಗೆ ಹೆಸರು ಹಿಡಿದು, ಕಷ್ಟ ಹಿಡಿದು ಪ್ರಾರ್ಥಿಸಿ.

ದೂರದಲ್ಲಿರುವವರಿಂದ ಏನಾದೀತು ಎಂದುಕೊಳ್ಳಬೇಡಿ. ಕೊಲೊಸ್ಸೆಯ ಎಪಫ್ರ ಊರು ಬಿಟ್ಟು ಪೌಲನ ಬಳಿ ಇದ್ದಾಗಲೂ ತನ್ನವರಿಗಾಗಿ ಪ್ರಾರ್ಥನೆಯಲ್ಲಿ ಹೋರಾಡುತ್ತಿದ್ದ. ನಾನೂ ಹಾಗೆಯೇ ನಿಮ್ಮ ಜೊತೆ ಕೂರುತ್ತೇನೆ. ಅಲ್ಲಿ ಸಂಜೆ ಏಳು ಗಂಟೆಯಾದಾಗ ಇಲ್ಲಿ ನಾಲ್ಕೂವರೆ, ಅಷ್ಟರಲ್ಲಿ ನನ್ನ ಪಾಳಿ ಮುಗಿದಿರುತ್ತದೆ. ಬುಧವಾರ ಫೋನ್ ಮಾಡಿ ಮೊಬೈಲನ್ನು ನಡುವೆ ಇಟ್ಟುಬಿಡಿ. ಚಿಕ್ಕಪ್ಪ ಒಪ್ಪಿದರೆ ಅವರಿಗಾಗಿ ಮೊದಲು ನಾನೇ ಪ್ರಾರ್ಥಿಸುತ್ತೇನೆ. ನನಗಾಗಿ ಕೇಳಬೇಕಾದದ್ದು ಒಂದೇ: ರಾತ್ರಿ ಪಾಳಿಯ ವಾರಗಳಲ್ಲಿ ನಿದ್ದೆ ಬರುತ್ತಿಲ್ಲ.

ನಿಮ್ಮ ಪ್ರೀತಿಯ ಮಗ