ನೋವು ಮೇಲಕ್ಕೆ ಹತ್ತಿದರೆ ಹೆದರಬೇಡ

ನೀರ್ಚಾಲು

ಪ್ರೀತಿಯ ಪುಟ್ಟನಿಗೆ ಚಿಕ್ಕಮ್ಮನ ಆಶೀರ್ವಾದ.

ಅಕ್ಕ ಫೋನ್ ಮಾಡಿದ್ದಳು. ನಿನಗೆ ಸಯಾಟಿಕಾ, ಅಂದರೆ ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು, ಅಂತ ಡಾಕ್ಟರು ಹೇಳಿದಂದಿನಿಂದ ಮಂಚ ಬಿಟ್ಟು ಇಳಿಯಲು ಬಿಡುತ್ತಿಲ್ಲವಂತೆ, ಗಂಜಿಯೂ ಅಲ್ಲಿಗೇ ಬರುತ್ತದಂತೆ. ಅವಳ ಪ್ರೀತಿ ದೊಡ್ಡದು, ಆದರೆ ಈ ನೋವಿಗೆ ಅದು ಮದ್ದಲ್ಲ. ತೀರಾ ತಡೆಯಲಾಗದ ಹೊತ್ತಿನಲ್ಲಿ ಒಂದೆರಡು ದಿನ ಮಲಗು, ಸಾಕು. ಆಮೇಲೂ ಮಲಗಿದರೆ ಸೊಂಟ ಇನ್ನಷ್ಟು ಬಿಗಿಯುತ್ತದೆ, ಕಾಲಿನ ಬಲವೂ ಇಳಿಯುತ್ತದೆ. ನರ್ಸ್ ಕೆಲಸ ಮಾಡಿದವಳ ಮಾತು ಅಂತಲಾದರೂ ಕೇಳು.

ನೋವು ಕಾಲಿನಲ್ಲಿದ್ದರೂ ಕಿರಿಕಿರಿ ಇರುವುದು ಸೊಂಟದಲ್ಲಿ. ಈ ನೋವು ಕೊಡುವ ಸಯಾಟಿಕ್ ನರ ನಮ್ಮ ಮೈಯಲ್ಲೇ ಅತಿ ದಪ್ಪದ್ದು. ಬೆನ್ನುಮೂಳೆಯ ಕೆಳಭಾಗದಿಂದ ಹೊರಟು, ಪೃಷ್ಠದ ಒಳಗಿಂದ ತೊಡೆಯ ಹಿಂದೆ ಇಳಿದು ಪಾದದವರೆಗೆ ಹೋಗುತ್ತದೆ. ಹೆಚ್ಚಿನವರಿಗೆ ತೊಂದರೆ ಕೊಡುವುದು ಸೊಂಟದ ಕೊನೆಯ ಎರಡು ಡಿಸ್ಕ್‌ಗಳು, ಅಂದರೆ ಬೆನ್ನೆಲುಬುಗಳ ನಡುವೆ ಇರುವ ಮೆತ್ತೆಗಳು. ಉಬ್ಬಿದ ಡಿಸ್ಕ್ ನರದ ಬುಡವನ್ನು ಒತ್ತುತ್ತದೆ, ಜೊತೆಗೆ ಅಲ್ಲಿ ಉರಿಯೂತವೂ ಆಗುತ್ತದೆ. ಹೊರಗೆ ಚಾಚಿದ ಆ ಭಾಗವನ್ನು ಎಷ್ಟೋ ಜನರಲ್ಲಿ ದೇಹವೇ ನಿಧಾನಕ್ಕೆ ಕರಗಿಸಿಕೊಳ್ಳುತ್ತದೆ. 6ರಿಂದ 12 ವಾರದಲ್ಲಿ ಹೆಚ್ಚಿನವರಿಗೆ ಸುಧಾರಣೆ ಕಾಣುತ್ತದೆ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದು. ನೋವು ಎಷ್ಟಿದೆ ಅಂತ ಮಾತ್ರ ಲೆಕ್ಕ ಹಾಕಬೇಡ, ಎಲ್ಲಿಯವರೆಗೆ ಇಳಿಯುತ್ತಿದೆ ಅಂತ ನೋಡು. ನಿನ್ನೆ ಪಾದಕ್ಕೆ ಇಳಿದಿದ್ದ ನೋವು ಇವತ್ತು ಮೊಣಕಾಲಲ್ಲೇ ನಿಂತರೆ, ನಾಳೆ ಪೃಷ್ಠದಲ್ಲಿ ಮಾತ್ರ ಇದ್ದರೆ, ಅದು ಒಳ್ಳೆಯ ಲಕ್ಷಣ. ಹಾಗಾಗುವಾಗ ಸೊಂಟದ ನೋವು ಸ್ವಲ್ಪ ಜಾಸ್ತಿಯಾದಂತೆ ಅನ್ನಿಸಬಹುದು. ಜನ ಹೆದರುವುದು ಅಲ್ಲೇ. ಕವುಚಿ ಮಲಗಿ, ಮೊಣಕೈ ಊರಿ ಎದೆ ಸ್ವಲ್ಪ ಎತ್ತಿ ಒಂದೆರಡು ನಿಮಿಷ ಇರು. ನೋವು ಮೇಲಕ್ಕೆ ಬಂದರೆ ದಿನಕ್ಕೆ ನಾಲ್ಕೈದು ಸಲ ಮಾಡು. ಕೆಳಕ್ಕೆ ಇಳಿದರೆ ಆ ಭಂಗಿ ನಿನಗಲ್ಲ, ಅಲ್ಲಿಗೇ ಬಿಡು. ನಡಿಗೆಗೂ ಇದೇ ಲೆಕ್ಕ. ಮಳೆ ಬಿಡದಿದ್ದರೆ ಚಾವಡಿಯಲ್ಲೇ ಹತ್ತು ನಿಮಿಷ ಓಡಾಡು, ಸ್ವಲ್ಪ ಬಿಟ್ಟು ಮತ್ತೆ ಓಡಾಡು.

ರಾತ್ರಿ ಮಗ್ಗುಲಾಗಿ ಮಲಗಿದರೆ ಮೊಣಕಾಲುಗಳ ನಡುವೆ ದಿಂಬು, ಅಂಗಾತ ಮಲಗಿದರೆ ಮೊಣಕಾಲ ಕೆಳಗೆ ದಿಂಬು. ಬಿಸಿನೀರಿನ ಶಾಖ ಹಿತವಾದರೆ ಕೊಟ್ಟುಕೋ, ಆದರೆ ಜೋಮು ಹಿಡಿದ ಜಾಗಕ್ಕೆ ಬೇಡ. ಸುಟ್ಟದ್ದೇ ಗೊತ್ತಾಗುವುದಿಲ್ಲ. ಅಡಿಕೆ ಸುಲಿಯಲು ಮಣೆಯ ಮೇಲೆ ಕೂತರೆ ಬೆನ್ನು ಬಗ್ಗಿಸಿಯೇ ಗಂಟೆಗಟ್ಟಲೆ ಹೋಗುತ್ತದೆ, ಸದ್ಯಕ್ಕೆ ಅದು ಬೇಡ. ಕುರ್ಚಿಯಲ್ಲೂ ಅರ್ಧ ಗಂಟೆಗೊಮ್ಮೆ ಏಳು. ಪೆರ್ಲದಿಂದ ಬದಿಯಡ್ಕಕ್ಕೆ ಆ ಹೊಂಡಗಳಲ್ಲಿ ಬೈಕ್ ಓಡಿಸುವುದನ್ನೂ ನಿಲ್ಲಿಸು.

ಎಂಆರ್‌ಐಗೆ ಮಂಗಳೂರಿಗೆ ಓಡುವ ಅವಸರ ಈಗ ಬೇಡ. ನೋವೇ ಇಲ್ಲದ 20ರ ಹರೆಯದವರಲ್ಲೂ 100ಕ್ಕೆ 30ರಷ್ಟು ಜನರ ಡಿಸ್ಕ್ ಉಬ್ಬಿದ್ದು ಸ್ಕ್ಯಾನಿನಲ್ಲಿ ಕಾಣುತ್ತದೆ, 80ರವರಲ್ಲಿ 84. ವರದಿ ಓದಿ ಹೆದರಿದವರೇ ಜಾಸ್ತಿ. ಆಪರೇಷನ್ ಬಗ್ಗೆಯೂ ಅಷ್ಟೆ. ನೆದರ್‌ಲ್ಯಾಂಡ್ಸ್‌ನಲ್ಲಿ 283 ಜನರ ಮೇಲೆ ನಡೆದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಬೇಗ ಆಪರೇಷನ್ ಆದವರ ನೋವು ಬೇಗ ಇಳಿಯಿತು. ವರ್ಷ ಕಳೆಯುವಾಗ ಕಾದವರೂ ಅವರೂ ಹೆಚ್ಚುಕಡಿಮೆ ಒಂದೇ ಆಗಿದ್ದರು. ಹಾಗಂತ ಕಾಯುವುದು ಹಠವಾಗಬಾರದು. ವಾರಗಟ್ಟಲೆ ಕಳೆದರೂ ನಿದ್ದೆಯೇ ಇಲ್ಲದಂತಾದರೆ ಇಂಜೆಕ್ಷನ್ನೋ ಆಪರೇಷನ್ನೋ ಡಾಕ್ಟರ ಹತ್ತಿರ ಕೂತು ಮಾತಾಡು. ಸೊಂಟ ತಿರುಚಿ "ನರ ಬಿಡಿಸುವವರ" ಹತ್ತಿರ ಮಾತ್ರ ಹೋಗಬೇಡ.

ಕಾಲಿನ ಬಲ ಇಳಿದಿದೆಯೇ ಅಂತ ನೋಡಲು ದಿನಾ ಬೆಳಿಗ್ಗೆ ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಿಮ್ಮಡಿಯಲ್ಲಿ ನಡೆ, ನಾಲ್ಕು ಹೆಜ್ಜೆ ತುದಿಗಾಲಿನಲ್ಲಿ. ಪಾದ ಎತ್ತಲು ಆಗದೆ ಚಪ್ಪಲಿ ನೆಲಕ್ಕೆ ಉಜ್ಜಿಕೊಂಡು ಹೋದರೆ ಅದೇ ದಿನ ಡಾಕ್ಟರ ಹತ್ತಿರ ಹೋಗು. ಇನ್ನು ಹೇಳುವುದಕ್ಕೆ ನಾಚಿಕೆ ಬೇಡ: ಮೂತ್ರ ಬಾರದಿದ್ದರೆ, ಮಲಮೂತ್ರ ಗೊತ್ತಾಗದೆ ಹೋದರೆ, ಕೂರುವ ಜಾಗ, ಗುಪ್ತಾಂಗ ಜೋಮು ಹಿಡಿದರೆ, ಎರಡೂ ಕಾಲು ಸೋತರೆ, ರಾತ್ರಿ ಎಷ್ಟೇ ಹೊತ್ತಾಗಿರಲಿ ಗಾಡಿ ಮಾಡಿ ಮಂಗಳೂರಿಗೆ ಹೊರಡಿ. ಬೆಳಗಾಗಲಿ ಅಂತ ಕಾಯಬೇಡಿ. ಜ್ವರ ಬಂದರೂ, ಸುಮ್ನೆ ತೂಕ ಇಳಿದರೂ ತಡ ಮಾಡದೆ ತೋರಿಸು.

ಅಡಿಕೆಗೆ ಎರಡನೇ ಸಲ ಮದ್ದು ಸಿಂಪಡಿಸುವ ಚಿಂತೆ ನಿನಗೆ ಬೇಡ. ನಮ್ಮ ತೋಟಕ್ಕೆ ಬರುವವರಿಗೇ ಹೇಳಿದ್ದೇನೆ, ಒಂದು ದಿನ ಹೊಳವಾದರೆ ಬರುತ್ತಾರೆ. ಮೈಲುತುತ್ತು ಕಲಸಿದ ಡ್ರಮ್ಮಿಗೆ ನೀನು ಕೈ ಹಾಕಬೇಡ. ನೋವಿನ ಮಾತ್ರೆಯನ್ನು ಊಟ ಮಾಡಿಯೇ ನುಂಗು, ಚೀಟಿಯಲ್ಲಿ ಬರೆದಷ್ಟು ದಿನ ಮಾತ್ರ. ಆ ಚೀಟಿ ತೆಗೆದಿಡು, ಸೋಮವಾರ ಬಂದಾಗ ನೋಡುತ್ತೇನೆ. ಈ ಕಾಗದ ಅಕ್ಕನಿಗೂ ಓದಿ ಹೇಳು. ಬೈಯುವುದಿದ್ದರೆ ನನಗೇ ಬೈಯಲಿ.

ಇತಿ,
ನಿನ್ನ ಚಿಕ್ಕಮ್ಮ