ಸೆಪ್ಟೆಂಬರ್ 27ರ ಕಖೇತಿ ವೈನ್ ಪ್ರವಾಸದ ಬಗ್ಗೆ ದೂರು, ಹಣ ವಾಪಸ್ ಬೇಕು

ಗ್ರಾಹಕ ಸೇವೆಯವರಿಗೆ,

ನಮಸ್ಕಾರ. ನಾನು, ಅಪ್ಪ, ಅಮ್ಮ ನಿಮ್ಮ ಮೂಲಕ ಜಾರ್ಜಿಯಾಕ್ಕೆ ಹೋಗಿ ಬಂದು ಇಪ್ಪತ್ತು ದಿನ ಆಯಿತು. ಬಂದ ಮಾರನೆಯ ದಿನದಿಂದ ವಾಟ್ಸ್ಯಾಪಿನಲ್ಲಿ ಮೂರು ಸಲ ಬರೆದಿದ್ದೇನೆ, ಎರಡು ಸಲ ಫೋನ್ ಮಾಡಿದ್ದೇನೆ. ಪ್ರತಿ ಸಲ "ಚೆಕ್ ಮಾಡಿ ಹೇಳ್ತೀವಿ ಸರ್" ಅಂದರು. ಕೊನೆಗೆ ಬಂದದ್ದು ಮುಂದಿನ ಪ್ರವಾಸಕ್ಕೆ ಹತ್ತು ಪರ್ಸೆಂಟ್ ಕೂಪನ್. ನನಗೆ ಕೂಪನ್ ಬೇಡ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದು ಈ ದೂರು ಕಳಿಸುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಮೊದಲೇ ಒಂದು ಮಾತು. ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯಲ್ಲಿ ನೀವು ಕೊಟ್ಟ ಹೋಟೆಲ್ ಚೆನ್ನಾಗಿತ್ತು, ಏರ್‌ಪೋರ್ಟಿಗೆ ಗಾಡಿ ಸರಿಯಾದ ಹೊತ್ತಿಗೆ ಬಂತು. ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ದೂರು ಒಂದೇ ದಿನದ್ದು, ಶನಿವಾರ ಸೆಪ್ಟೆಂಬರ್ 27ರಂದು ಅಲ್ಲಿನ ವೈನ್ ಸೀಮೆಯಾದ ಕಖೇತಿಗೆ ಹೋದ ಪ್ರವಾಸದ್ದು. ಆದರೆ ನಾವು ಅಷ್ಟು ದೂರ ಹೋದದ್ದೇ ಆ ಒಂದು ದಿನಕ್ಕಾಗಿ. ಇದನ್ನು ಬುಕ್ ಮಾಡುವಾಗಲೇ ನಿಮ್ಮ ಆಫೀಸಿಗೆ ಬಂದು ಕೂತು ಹೇಳಿದ್ದೆ.

ನಮ್ಮದು ಚಿಕ್ಕಬಳ್ಳಾಪುರದ ಕಡೆ. ಅಪ್ಪ ನಲವತ್ತು ವರ್ಷದಿಂದ ಬೆಂಗಳೂರು ನೀಲಿ ದ್ರಾಕ್ಷಿ ಬೆಳೆಯುತ್ತಾರೆ. ಕಲ್ಲು ಕಂಬ ನೆಟ್ಟು, ತಂತಿ ಎಳೆದು, ತಲೆ ಮೇಲೆ ಚಪ್ಪರ ಹಬ್ಬಿಸಿ, ವರ್ಷಕ್ಕೆ ಎರಡು ಬೆಳೆ ತೆಗೆಯುವ ತೋಟ. ಹಣ್ಣು ಜಾಸ್ತಿ ಹೋಗುವುದು ಜ್ಯೂಸಿಗೆ, ವೈನಿಗೆ. ತಾನು ಬೆಳೆದ ಹಣ್ಣು ವೈನ್ ಆಗುವುದನ್ನು ಅಪ್ಪ ಒಂದು ಸಲವೂ ಹತ್ತಿರದಿಂದ ನೋಡಿಲ್ಲ. ಜಾರ್ಜಿಯಾದಲ್ಲಿ ಎಂಟು ಸಾವಿರ ವರ್ಷದಿಂದ ವೈನ್ ಮಾಡುತ್ತಾರೆ, ಈಗಲೂ ಮಣ್ಣಿನ ಗುಡಾಣವನ್ನು ನೆಲದಲ್ಲಿ ಹೂತು ಅದರೊಳಗೇ ಹುಳಿ ಬರಿಸುತ್ತಾರೆ ಅಂತ ಓದಿ ಹೇಳಿದಾಗ "ನಮ್ಮ ವಾಡೆ ಥರಾನಾ? ಒಳಗೆ ಹೇಗೆ ತೊಳೀತಾರಂತೆ?" ಅಂತ ಕೇಳಿದ್ದರು. ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡೇ ಹೊರಟೆವು. ಸೆಪ್ಟೆಂಬರ್ ಕೊನೆಯನ್ನು ಆರಿಸಿದ್ದೂ ಅದಕ್ಕೇ. ಅಲ್ಲಿ ಆಗ ರತ್ವೇಲಿ, ಅಂದರೆ ದ್ರಾಕ್ಷಿ ಕೊಯ್ಲಿನ ಸುಗ್ಗಿ.

ನಿಮ್ಮ ಇಮೇಲ್ ನನ್ನ ಹತ್ತಿರ ಇದೆ. ಅದರಲ್ಲಿ ಹೀಗಿದೆ: ಎಂಟು ಜನರ ಸಣ್ಣ ಗಾಡಿ, ಇಂಗ್ಲಿಷ್ ಮಾತಾಡುವ ಗೈಡ್, ಹಳ್ಳಿಯ ಒಂದು ಮನೆತನದ ಮರಾನಿಗೆ, ಅಂದರೆ ವೈನ್ ಮಾಡುವ ಕೋಣೆಗೆ ಭೇಟಿ, ವೈನ್ ಮಾಡುವವರ ಜೊತೆ ಮಾತುಕತೆ, ದ್ರಾಕ್ಷಿ ತೋಟದಲ್ಲಿ ನಡಿಗೆ, ಸಸ್ಯಾಹಾರಿ ಊಟ ಸೇರಿದೆ, ಸಿಗ್ನಾಗಿ ಊರಿನಲ್ಲಿ ಮೂರು ಗಂಟೆ, ಬೋದ್ಬೆ ಮಠ. ತಲೆಗೆ 9,500 ರೂಪಾಯಿ, ಮೂವರಿಗೆ 28,500. ಟಿಬಿಲಿಸಿಯಲ್ಲಿ ಬೀದಿ ಬದಿಯ ಟೂರ್ ಕೌಂಟರುಗಳಲ್ಲಿ ಇದರ ಕಾಲು ಭಾಗಕ್ಕೆ ದೊಡ್ಡ ಬಸ್ಸಿನ ಟಿಕೆಟ್ ಸಿಗುತ್ತಿತ್ತು. ಆ ಗುಂಪು ಬೇಡ, ನಿಧಾನವಾಗಿ ನೋಡಬೇಕು ಅಂತಲೇ ನಾವು ನಿಮಗೆ ಜಾಸ್ತಿ ಕೊಟ್ಟದ್ದು.

ಬಂದದ್ದು ಆ ದೊಡ್ಡ ಬಸ್ಸೇ. ಅವ್ಲಾಬಾರಿ ಮೆಟ್ರೋ ಸ್ಟೇಷನ್ ಹತ್ತಿರ ಎಂಟೂವರೆಗೆ ನಿಲ್ಲಿ ಅಂದಿದ್ದಿರಿ, ಬಸ್ ಬಂದಾಗ ಒಂಬತ್ತು ಇಪ್ಪತ್ತು. ನಾನು ಎಣಿಸಿದೆ, ನಲವತ್ತಮೂರು ಜನ. ಗೈಡ್ ಹೆಣ್ಣುಮಗಳು ರಷ್ಯನ್ ಭಾಷೆಯಲ್ಲಿ ಇಪ್ಪತ್ತು ನಿಮಿಷ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಎರಡು ಮಾತಿನಲ್ಲಿ ಮುಗಿಸುತ್ತಿದ್ದರು. ಅವರನ್ನು ನಾನು ದೂರುತ್ತಿಲ್ಲ, ನಲವತ್ತಮೂರು ಜನರನ್ನು ಒಬ್ಬರೇ ಎರಡು ಭಾಷೆಯಲ್ಲಿ ನೋಡಿಕೊಳ್ಳಬೇಕಾದರೆ ಅಷ್ಟೇ ಆಗುತ್ತದೆ. ಆದರೆ ಆ ಬಸ್ಸಿನಲ್ಲಿ ನಮ್ಮನ್ನು ಕೂರಿಸಿದ್ದು ನೀವು.

ಮೊದಲು ದಾರಿ ಬದಿಯ ಒಂದು ಬ್ರೆಡ್ ಮತ್ತು ಚೀಸ್ ಅಂಗಡಿ, ಅಲ್ಲಿ ಮೂವತ್ತೈದು ನಿಮಿಷ. ದ್ರಾಕ್ಷಿ ರಸದಲ್ಲಿ ಅದ್ದಿ ಒಣಗಿಸಿದ ಆಕ್ರೋಟ್ ಸರ, ಚುರ್ಚ್‌ಖೇಲಾ ಅಂತಾರೆ, ಅದನ್ನು ಅಮ್ಮ ಖುಷಿಯಿಂದ ತಗೊಂಡರು. ಇರಲಿ. ಆಮೇಲೆ ಮೊದಲ ವೈನರಿ. ಅದು ಫ್ಯಾಕ್ಟರಿ. ಗಾಜಿನ ಕಿಟಕಿಯಾಚೆ ಸ್ಟೀಲ್ ಟ್ಯಾಂಕುಗಳು, ನಮ್ಮ ಹಿಂದೆ ಇನ್ನೊಂದು ಬಸ್ಸಿನವರು, ಅವರ ಹಿಂದೆ ಮತ್ತೊಂದು. ಹದಿನೈದು ನಿಮಿಷದಲ್ಲಿ ಸುತ್ತು ಮುಗಿಯಿತು. ಪ್ಲಾಸ್ಟಿಕ್ ಲೋಟದಲ್ಲಿ ನಾಲ್ಕು ಬಗೆ ವೈನ್ ಒಂದೊಂದು ಗುಟುಕು, ನಂತರ ಐವತ್ತು ನಿಮಿಷ ಅವರ ಅಂಗಡಿಯಲ್ಲಿ. ಅಂಗಳದಲ್ಲಿ ಅರ್ಧಕ್ಕೆ ಕೊಯ್ದ ಒಂದು ಖಾಲಿ ಕ್ವೆವ್ರಿ, ಅಂದರೆ ವೈನ್ ಮಾಡುವ ಆ ಮಣ್ಣಿನ ಗುಡಾಣ, ಇಟ್ಟಿದ್ದರು, ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಅಪ್ಪ ಅದರ ಒಳಗೋಡೆ ಮುಟ್ಟಿ ನೋಡಿ, ಇದಕ್ಕೆ ಏನು ಬಳಿದಿದ್ದಾರೆ ಅಂತ ನನ್ನ ಕೈಲಿ ಕೇಳಿಸಿದರು. ಬಸ್ಸಿಗೆ ಹೊತ್ತಾಯಿತು ಅಂದರು. ಜೇನು ಮೇಣ ಬಳಿಯುತ್ತಾರೆ ಅಂತ ರಾತ್ರಿ ಹೋಟೆಲಿನಲ್ಲಿ ಫೋನಿನಲ್ಲಿ ಹುಡುಕಿ ಹೇಳಿದೆ. ಫೋನಿನಲ್ಲಿ ಓದಲಿಕ್ಕೆ ಚಿಕ್ಕಬಳ್ಳಾಪುರದಿಂದ ಕಖೇತಿಗೆ ಹೋಗಬೇಕಿರಲಿಲ್ಲ.

ಎರಡನೆಯದನ್ನು ನೀವು "ಮನೆತನದ ಮರಾನಿ" ಅಂತ ಬರೆದಿದ್ದಿರಿ. ನನಗೆ ಹೆಚ್ಚು ನೋವಾದದ್ದು ಅಲ್ಲಿ. ಅದೊಂದು ಹೋಟೆಲ್. ಹಿಂದಿನ ಕೋಣೆಯಲ್ಲಿ ನೆಲದ ಮೇಲೆ ಆರು ಗುಂಡು ಮುಚ್ಚಳ ಇದ್ದವು, ಸುತ್ತ ಸಿಮೆಂಟ್. ಅಪ್ಪ ಬಗ್ಗಿ ಎತ್ತಲು ನೋಡಿದರು. ಅಲ್ಲಿ ಊಟ ಬಡಿಸುವ ಹುಡುಗ ಬಂದು, ಕೆಳಗೆ ಏನೂ ಇಲ್ಲ, ಅಲಂಕಾರಕ್ಕೆ ಹಾಕಿದ್ದು ಅಂದ. ವೈನ್ ಮಾಡುವವರು ಯಾರು ಅಂತ ಕೇಳಿದ್ದಕ್ಕೆ, ಇಲ್ಲಿ ಮಾಡುವುದಿಲ್ಲ ಅಂದ. ನಿಮ್ಮ ಇಮೇಲಿನಲ್ಲಿ ಒಬ್ಬ ಬಿಳಿ ಮೀಸೆಯ ಮುದುಕರು ಕ್ವೆವ್ರಿಯಿಂದ ವೈನ್ ಎತ್ತುತ್ತಿರುವ ಫೋಟೋ ಇತ್ತು. ಅಪ್ಪ ಊರಲ್ಲಿ ಅದನ್ನು ಎಲ್ಲರಿಗೂ ತೋರಿಸಿದ್ದರು, ಇವರನ್ನು ನೋಡಲು ಹೋಗ್ತಿದ್ದೀನಿ ಅಂತ. ಅಂಥವರು ಆ ಜಾಗದಲ್ಲಿ ಯಾರೂ ಇರಲಿಲ್ಲ.

ಅದೂ ಸುಗ್ಗಿಯ ಕಾಲದಲ್ಲಿ! ಇದನ್ನು ನೀವು ಅರ್ಥ ಮಾಡಿಕೊಳ್ಳಬೇಕು. ದಾರಿಯುದ್ದಕ್ಕೂ ಹಣ್ಣು ತುಂಬಿದ ಟ್ರ್ಯಾಕ್ಟರುಗಳು ಹೋಗುತ್ತಿದ್ದವು, ತೋಟಗಳಲ್ಲಿ ಜನ ಬಗ್ಗಿ ಕೊಯ್ಯುತ್ತಿದ್ದರು. ಇದೇ ವಾರಗಳಲ್ಲಿ ಹಣ್ಣು ತುಳಿದು, ರಸದ ಜೊತೆ ಸಿಪ್ಪೆ, ಬೀಜ, ತೊಟ್ಟು ಎಲ್ಲವನ್ನೂ ಕ್ವೆವ್ರಿಗೆ ಇಳಿಸುತ್ತಾರೆ. ಐದಾರು ತಿಂಗಳು ಹಾಗೇ ಇಟ್ಟರೆ ಬಿಳಿ ದ್ರಾಕ್ಷಿಯ ವೈನೂ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಯುನೆಸ್ಕೋ 2013ರಲ್ಲಿ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿದ್ದು ಈ ಪದ್ಧತಿಯನ್ನೇ, ನಿಮ್ಮ ಜಾಹೀರಾತಿನ ಮೊದಲ ಸಾಲಿನಲ್ಲೂ ಅದೇ ಇದೆ. ಅದೆಲ್ಲ ಕಣ್ಣ ಮುಂದೆ ನಡೆಯುತ್ತಿರುವ ಊರುಗಳ ನಡುವೆ ನಮ್ಮನ್ನು ಕರೆದುಕೊಂಡು ಹೋಗಿ, ಬಸ್ಸಿನಿಂದ ಇಳಿಸದೆ ವಾಪಸ್ ತಂದಿರಿ. ಅಪ್ಪ ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದರು.

ಇಡೀ ದಿನದಲ್ಲಿ ಅವರಿಗೆ ಸಿಕ್ಕಿದ್ದು ಹತ್ತು ನಿಮಿಷ. ಅದೂ ನಿಮ್ಮಿಂದ ಅಲ್ಲ. ಸಂಜೆ ಐದರ ಹೊತ್ತಿಗೆ ಬಸ್ ಒಂದು ಪೆಟ್ರೋಲ್ ಬಂಕಿನಲ್ಲಿ ನಿಂತಿತು. ಪಕ್ಕದಲ್ಲೇ ತೋಟ, ನಮ್ಮ ಹಾಗೆ ಚಪ್ಪರ ಇಲ್ಲ, ಸೊಂಟದೆತ್ತರಕ್ಕೆ ತಂತಿಗೆ ಕಟ್ಟಿದ ಬಳ್ಳಿಗಳು. ಅಪ್ಪ ಬೇಲಿ ಹತ್ತಿರ ಹೋಗಿ ನಿಂತರು. ಒಳಗೆ ಕೊಯ್ಯುತ್ತಿದ್ದ ವಯಸ್ಸಾದವರೊಬ್ಬರು ಬಂದು ಒಂದು ಗೊಂಚಲು ಕೈಗಿಟ್ಟರು. ಅಪ್ಪ ಒಂದು ಹಣ್ಣು ಹಿಸುಕಿದರೆ ಒಳಗೂ ಕೆಂಪು ರಸ! ಅದು ಸಪೆರಾವಿ ಅನ್ನುವ ತಳಿ. ನಮ್ಮ ನೀಲಿ ದ್ರಾಕ್ಷಿಗೆ ಸಿಪ್ಪೆ ಮಾತ್ರ ಕಪ್ಪು, ಒಳಗೆ ತಿರುಳು ಹಸಿರು. ಅಪ್ಪ ಫೋನಿನಲ್ಲಿ ನಮ್ಮ ತೋಟದ ಫೋಟೋ ತೋರಿಸಿದರು, ಅವರು ತಲೆ ಮೇಲಿನ ಚಪ್ಪರ ನೋಡಿ ಕೈ ಮೇಲೆತ್ತಿ, ಹೀಗಾ ಅನ್ನುವ ಹಾಗೆ ಕೇಳಿದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರಲ್ಲ, ಆದರೂ ಇಬ್ಬರೂ ಮಾತಾಡುತ್ತಲೇ ಇದ್ದರು. ಬಸ್ಸಿನ ಹಾರ್ನ್ ಆಯಿತು. ಡ್ರೈವರ್ ಒಳ್ಳೆಯವರು, ಇನ್ನೆರಡು ನಿಮಿಷ ಕಾದರು. ಇಂಥ ಒಂದು ಗಂಟೆಗೇ ನಾವು ದುಡ್ಡು ಕೊಟ್ಟಿದ್ದು. ಇದು ಅಲ್ಲಿ ಕಷ್ಟದ ಕೆಲಸವೂ ಅಲ್ಲ ಅಂತ ಆ ಬೇಲಿ ಹತ್ತಿರವೇ ಗೊತ್ತಾಯಿತು.

ಊಟದ ವಿಷಯ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಇದನ್ನು ಫಾರಂನಲ್ಲಿ ಬರೆದು ಕೊಟ್ಟಿದ್ದೆವು. ಮೇಜಿನ ಮೇಲೆ ಹಂದಿ ಮಾಂಸದ ತಟ್ಟೆಗಳು, ಅಮ್ಮನ ಮುಂದೆ ಟೊಮೆಟೊ, ಸೌತೆಕಾಯಿ, ಬ್ರೆಡ್. ಬೆಳಗ್ಗೆ ಏಳಕ್ಕೆ ತಿಂಡಿ ತಿಂದವರು ಮಧ್ಯಾಹ್ನ ಮೂರಕ್ಕೆ ಅದನ್ನು ತಿಂದರು. ಮೇಲಾಗಿ ತಲೆಗೆ 45 ಲಾರಿ (ಲಾರಿ ಅಂದರೆ ಅಲ್ಲಿನ ದುಡ್ಡು) ಕೊಡಿ ಅಂತ ಬಿಲ್ ಇಟ್ಟರು, ಮೂವರಿಗೆ 135 ಲಾರಿ, ರಸೀದಿ ಇದೆ. ಫೋನಿನಲ್ಲಿ ನಿಮ್ಮವರು "ಆ ದೇಶದಲ್ಲಿ ವೆಜ್ ಸಿಗೋದು ಕಷ್ಟ ಸರ್" ಅಂದರು. ಇದು ತಪ್ಪು ಮಾತು. ಅಲ್ಲಿನ ಚರ್ಚಿನವರು ವರ್ಷದಲ್ಲಿ ಎಷ್ಟೋ ದಿನ ಮಾಂಸ, ಹಾಲು, ಮೊಟ್ಟೆ ಬಿಟ್ಟು ಉಪವಾಸ ಮಾಡುತ್ತಾರೆ, ಅದಕ್ಕೆ ಬೇಕಾದ ಅಡುಗೆ ಬೇಕಾದಷ್ಟಿದೆ. ಆಕ್ರೋಟ್ ಅರೆದು ತುಂಬಿದ ಬದನೆಕಾಯಿ, ಸೊಪ್ಪಿನ ಪ್ಖಾಲಿ, ಹುರುಳಿಕಾಯಿ ಬೀಜದ ಲೋಬಿಯೊ. ಟಿಬಿಲಿಸಿಯಲ್ಲಿ ಮೂರು ದಿನ ಅಮ್ಮ ಇವನ್ನೇ ತಿಂದು ಖುಷಿಯಾಗಿದ್ದರು. ಯಾರೋ ಒಬ್ಬರು ಮುಂಚೆ ಹೋಟೆಲಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಇನ್ನು ಸಿಗ್ನಾಗಿ. ಟಿಬಿಲಿಸಿಯಿಂದ ಸುಮಾರು 110 ಕಿಲೋಮೀಟರ್, ಗುಡ್ಡದ ಮೇಲಿನ ಹಳೇ ಊರು. ಹದಿನೆಂಟನೆಯ ಶತಮಾನದಲ್ಲಿ ರಾಜ ಎರೆಕ್ಲೆ ಕಟ್ಟಿಸಿದ ಕೋಟೆ ಗೋಡೆ, ಅದಕ್ಕೆ 23 ಬುರುಜು. ದಾಳಿ ಆದಾಗ ಸುತ್ತಲ ಹಳ್ಳಿಯವರು ಬಂದು ಒಳಗೆ ಸೇರಿಕೊಳ್ಳಲಿ ಅಂತ ಕಟ್ಟಿದ್ದು. ಕೆಳಗೆ ಅಲಜಾನಿ ಕಣಿವೆ, ಆಚೆಗೆ ಕಾಕಸಸ್ ಬೆಟ್ಟದ ಸಾಲು. ಅಲ್ಲಿನ ಮ್ಯೂಸಿಯಂನಲ್ಲಿ ಆ ದೇಶದ ಹೆಸರಾಂತ ಚಿತ್ರಕಾರ ಪಿರೋಸ್ಮನಿಯ ಚಿತ್ರಗಳಿವೆ, ಆತ ಹುಟ್ಟಿದ ಮಿರ್ಜಾನಿ ಹಳ್ಳಿಯೂ ಕಖೇತಿಯದ್ದೇ. ಇದಕ್ಕೆಲ್ಲ ಮೂರು ಗಂಟೆ ಅಂತ ಬರೆದಿದ್ದಿರಿ. ನಾವು ಮುಟ್ಟಿದ್ದು ಐದು ನಲವತ್ತಕ್ಕೆ, ಆರೂ ಕಾಲಿಗೆ ಬಸ್ಸಿನಲ್ಲಿರಬೇಕು ಅಂದರು. ಮೂವತ್ತೈದು ನಿಮಿಷ! ಮ್ಯೂಸಿಯಂನವರು ಹೊತ್ತಾಯಿತು ಅಂತ ಒಳಗೆ ಬಿಡಲಿಲ್ಲ. ಅಪ್ಪನಿಗೆ ಮಂಡಿ ನೋವು, ಕಲ್ಲು ಹಾಸಿನ ಏರು ರಸ್ತೆಯಲ್ಲಿ ಗೋಡೆಯವರೆಗೆ ಹೋಗಿ ಬರಲು ಆಗದು ಅಂತ ಚೌಕದಲ್ಲೇ ಕೂತರು. ನಾನೊಬ್ಬನೇ ಓಡಿ ಹೋಗಿ ಒಂದು ಬುರುಜು ಮುಟ್ಟಿ ಬಂದೆ. ಅಂಗಡಿಗಳಲ್ಲಿ ಕಳೆದ ಹೊತ್ತನ್ನು ಕೂಡಿಸಿದರೆ ಒಂದು ಗಂಟೆ ಇಪ್ಪತ್ತೈದು ನಿಮಿಷ ಆಗುತ್ತದೆ, ಅಷ್ಟಾದರೂ ಇಲ್ಲಿ ಕೊಡಬಹುದಿತ್ತು ಅಲ್ವಾ?

ಬೋದ್ಬೆ ಮಠಕ್ಕೆ ಹೋಗಲೇ ಇಲ್ಲ. ಕತ್ತಲಾಯಿತು ಅಂದರು. ಅದು ಸಿಗ್ನಾಗಿಯಿಂದ ಎರಡೇ ಕಿಲೋಮೀಟರ್. ನಾಲ್ಕನೆಯ ಶತಮಾನದಲ್ಲಿ ಆ ದೇಶಕ್ಕೆ ಕ್ರೈಸ್ತ ಧರ್ಮ ತಂದ ಸಂತ ನಿನೋ ಎಂಬ ಹೆಣ್ಣುಮಗಳ ಸಮಾಧಿ ಇರುವ ಜಾಗ. ಅಮ್ಮ ಯಾವ ಊರಿಗೆ ಹೋದರೂ ಅಲ್ಲಿನ ದೇವರ ಜಾಗಕ್ಕೆ ಹೋಗಿ ಕೈ ಮುಗಿದು ಬರುವವರು. ತಲೆಗೆ ಹೊದೆಯಲು ಒಂದು ಶಾಲು ಬ್ಯಾಗಿನಲ್ಲಿ ಇಟ್ಟುಕೊಂಡು ಬಂದಿದ್ದರು, ಅದು ಹಾಗೇ ವಾಪಸ್ ಬಂತು.

ನಿಮ್ಮ ಉತ್ತರ ಏನಂದರೆ, ತಪ್ಪು ಅಲ್ಲಿನ ಆಪರೇಟರುಗಳದ್ದು, ನೀವು ಬುಕಿಂಗ್ ಮಾಡಿಕೊಡುವವರು ಮಾತ್ರ. ಆ ಆಪರೇಟರ್ ಯಾರು ಅಂತ ನನಗೆ ಗೊತ್ತಿಲ್ಲ, ನೀವು ಹೇಳಿಯೂ ಇಲ್ಲ. ನಾನು ದುಡ್ಡು ಕೊಟ್ಟಿದ್ದು ನಿಮಗೆ, ಮಾತು ಕೊಟ್ಟವರು ನೀವು, ಫೋಟೋ ಕಳಿಸಿದವರು ನೀವು. ಅಪ್ಪ ಒಬ್ಬ ವ್ಯಾಪಾರಿಗೆ ದಿಲ್‌ಖುಷ್ ದ್ರಾಕ್ಷಿ ಕೊಡ್ತೀನಿ ಅಂತ ಹೇಳಿ ಬೇರೆ ಹಣ್ಣು ತುಂಬಿ ಕಳಿಸಿ, ಆಮೇಲೆ ತಪ್ಪು ಕೊಯ್ದ ಆಳುಗಳದ್ದು ಅಂದರೆ ಆ ವ್ಯಾಪಾರಿ ಒಪ್ಪುತ್ತಾನಾ?

ನನಗೆ ಬೇಕಾದದ್ದು ಇಷ್ಟು. ಆ ದಿನದ ಪ್ರವಾಸದ 28,500 ರೂಪಾಯಿ ಪೂರ್ತಿ ವಾಪಸ್, ಜೊತೆಗೆ ಊಟಕ್ಕೆ ಕಟ್ಟಿದ 135 ಲಾರಿಗೆ ಆಗುವ ರೂಪಾಯಿ. ಎಂಟು ಜನರ ಗಾಡಿ ನಲವತ್ತಮೂರು ಜನರ ಬಸ್ ಆದದ್ದು ಹೇಗೆ, ಅದು ನಿಮಗೆ ಮೊದಲೇ ಗೊತ್ತಿತ್ತಾ ಅನ್ನುವುದಕ್ಕೆ ಬರವಣಿಗೆಯಲ್ಲಿ ಉತ್ತರ. ಆಮೇಲೆ ಆ ಮುದುಕರ ಫೋಟೋ ಮತ್ತು "ಮನೆತನದ ಮರಾನಿ" ಅನ್ನುವ ಮಾತನ್ನು ಈ ಪ್ರವಾಸದ ಜಾಹೀರಾತಿನಿಂದ ತೆಗೆಯಿರಿ, ಇಲ್ಲವೇ ನಿಜವಾಗಿ ಅಂಥ ಮನೆಗೆ ಕರೆದುಕೊಂಡು ಹೋಗಿ. ನಮ್ಮ ಕಡೆಯಿಂದ ಇನ್ನೂ ಎರಡು ದ್ರಾಕ್ಷಿ ಬೆಳೆಗಾರರ ಮನೆಯವರು ಮುಂದಿನ ಸುಗ್ಗಿಗೆ ಹೋಗಬೇಕು ಅಂತಿದ್ದಾರೆ, ಅವರಿಗೆ ಹೀಗಾಗಬಾರದು.

ಈ ಪತ್ರ ತಲುಪಿದ ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ 1915 ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. ಅಲ್ಲೂ ಆಗದಿದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ನಮ್ಮ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ, ನಾವು ವಾಸ ಇರುವ ಊರಲ್ಲೇ ದೂರು ಹಾಕಬಹುದು ಅನ್ನುವುದನ್ನು ವಿಚಾರಿಸಿಕೊಂಡಿದ್ದೇನೆ. ಹಾಗೆ ಅಲೆಯುವುದು ನನಗೆ ಇಷ್ಟವಿಲ್ಲ. ನೀವು ಸರಿ ಮಾಡಿದರೆ ಇಲ್ಲಿಗೇ ಮುಗಿಯುತ್ತದೆ.

ನಿಮ್ಮ ಇಮೇಲ್, ಬಸ್ಸಿನ ಫೋಟೋ, ಸಿಮೆಂಟ್ ಹಾಕಿದ ಮುಚ್ಚಳಗಳ ಫೋಟೋ, ಊಟದ ರಸೀದಿ, ಪ್ರತಿ ಜಾಗಕ್ಕೆ ಮುಟ್ಟಿದ ಹೊತ್ತು ಬರೆದಿಟ್ಟ ಹಾಳೆ ಎಲ್ಲವನ್ನೂ ಇದರ ಜೊತೆ ಕಳಿಸಿದ್ದೇನೆ. ಹಣ ಹಾಕಬೇಕಾದದ್ದು ಬುಕಿಂಗ್ ಮಾಡಿದ ಅದೇ ಖಾತೆಗೆ.

ಇಂತಿ,
ಮೂವರು ಪ್ರಯಾಣಿಕರ ಪರವಾಗಿ, ಚಿಕ್ಕಬಳ್ಳಾಪುರದಿಂದ