ರೋಗ ಬಂದ ಮೇಲೆ ನಿರೋಧ್ (ಕಾಂಡೋಮ್) ಯಾಕೆ ಅನ್ನುವವರಿಗೆ

ಸಂಪಾದಕರೇ, ನಮಸ್ಕಾರ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಮೆಡಿಕಲ್ ಅಂಗಡಿಯಲ್ಲಿ 19 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಗುಪ್ತರೋಗದ ವಿಷಯ ಪೇಪರಿಗೆ ಬರೆಯುವುದಾ ಅಂತ ಮನೆಯಲ್ಲಿ ಕೇಳಿದರು. ಬರೆಯದೆ ಇರಲು ಆಗಲಿಲ್ಲ.

ಈ ತೊಂದರೆಗೆ ಬರುವವರು ಹೆಸರು ಹಿಡಿದು ಹೇಳುವುದಿಲ್ಲ. ಉಳಿದ ಗಿರಾಕಿಗಳೆಲ್ಲ ಹೋಗುವವರೆಗೆ ಕಾದು ನಿಂತು, "ಉಷ್ಣ ಆಗಿದೆ, ಉರಿಮೂತ್ರ, ಒಂದು ಮಾತ್ರೆ ಕೊಡಿ" ಅನ್ನುತ್ತಾರೆ. ಅಷ್ಟರಲ್ಲಿ ನಾಲ್ಕು ಬೊಂಡ (ಎಳನೀರು) ಕುಡಿದು ನೋಡಿಯೂ ಆಗಿರುತ್ತದೆ. ಕೀವು ಹೋಗುತ್ತಿದೆಯಾ ಅಂತ ಮೆಲ್ಲಗೆ ಕೇಳಿದರೆ ತಲೆ ತಗ್ಗಿಸುತ್ತಾರೆ. ಡಾಕ್ಟರ ಚೀಟಿ ಇಲ್ಲದೆ ನಾನು ಕೊಡುವುದಿಲ್ಲ, ಆದರೆ ಎಲ್ಲಿಂದಲೋ ತಂದು ನುಂಗುತ್ತಾರೆ. ಉರಿ ಕಡಿಮೆಯಾದ ಕೂಡಲೇ ಉಳಿದ ಮಾತ್ರೆ ಕಪಾಟು ಸೇರುತ್ತದೆ.

ಒಬ್ಬರು ನಾಲ್ಕು ತಿಂಗಳಲ್ಲಿ ಮೂರು ಸಲ ಅದೇ ಔಷಧಿಯ ಚೀಟಿ ತಂದರು. (ಯಾವ ಊರು, ಯಾವಾಗ ಅಂತ ಬರೆಯುವುದಿಲ್ಲ.) ಹೆಂಡತಿಯನ್ನೂ ಡಾಕ್ಟರಿಗೆ ತೋರಿಸಿದಿರಾ ಅಂದೆ. "ಅವಳಿಗೆ ಏನೂ ಇಲ್ಲವಲ್ಲ." ನಿರೋಧ್ ಬಳಸುತ್ತಿದ್ದೀರಾ ಅಂದೆ. "ರೋಗ ಬಂದಾಯಿತಲ್ಲ, ಇನ್ನು ಅದು ಯಾಕೆ?"

ಅವರೊಬ್ಬರೇ ಅಲ್ಲ, ಹೀಗೆ ಕೇಳಿದವರು ಎಷ್ಟೋ ಮಂದಿ. ನಿರೋಧ್ ಅಂದರೆ ರೋಗ ಬರುವ ಮೊದಲಿನದ್ದು ಅಂತ ಅವರ ಲೆಕ್ಕ. ನಿಜ ನೋಡಿದರೆ ಬಂದ ಮೇಲೆಯೇ ಅದರ ಕೆಲಸ ಜಾಸ್ತಿ. ಗೊನೋರಿಯಾ, ಕ್ಲಮೀಡಿಯಾ ಎಂಬ ಗುಪ್ತರೋಗ ಇದ್ದರೂ ತುಂಬಾ ಹೆಂಗಸರಿಗೆ ಉರಿ, ನೋವು ಏನೂ ಗೊತ್ತಾಗುವುದಿಲ್ಲ. ಗಂಡ ಮಾತ್ರ ಔಷಧಿ ತೆಗೆದುಕೊಂಡರೆ ಹೆಂಡತಿಯಿಂದ ಅವನಿಗೇ ಮತ್ತೆ ಬರುತ್ತದೆ, ಅವಳಿಗೆ ಒಳಗೊಳಗೇ ಗರ್ಭನಾಳ ಹಾಳಾಗಿ ಮುಂದೆ ಮಕ್ಕಳಾಗದೆ ಹೋಗಬಹುದು. ಸಿಫಿಲಿಸ್ ಎಂಬ ಇನ್ನೊಂದು ಗುಪ್ತರೋಗದ ಹುಣ್ಣು ಸಾಮಾನ್ಯವಾಗಿ ನೋಯುವುದೂ ಇಲ್ಲ, ಕೆಲವು ವಾರದಲ್ಲಿ ತಾನಾಗಿಯೇ ಮಾಯುತ್ತದೆ, ಗುಣವಾಯಿತು ಅಂತ ಸುಮ್ನೆ ಕೂತರೆ ರೋಗ ಒಳಗೇ ಉಳಿದು ಹೊಟ್ಟೆಯಲ್ಲಿರುವ ಮಗುವಿಗೂ ದಾಟಬಹುದು. ಇಂಥ ಹುಣ್ಣು ಇದ್ದಾಗ ಎಚ್‌ಐವಿ ಅಂಟುವುದೂ ಸುಲಭ.

ಹಾಗಾಗಿ ಇಬ್ಬರೂ ಔಷಧಿ ತೆಗೆದುಕೊಂಡು, ಮುಗಿದ ಮೇಲೆ ಇನ್ನೂ 7 ದಿನ ದೂರ ಇರಬೇಕು. ಆಗದಿದ್ದರೆ ಪ್ರತಿ ಸಲವೂ ನಿರೋಧ್ ಬೇಕು. ಹುಣ್ಣು ನಿರೋಧ್ ಮುಚ್ಚದ ಜಾಗದಲ್ಲಿದ್ದರೆ ಅದನ್ನೂ ನಂಬಬೇಡಿ, ಮಾಯುವವರೆಗೆ ಕೂಡುವುದೇ ಬೇಡ. ಇನ್ನೊಂದು, ನಮ್ಮ ಕಡೆ ಎಲ್ಲದಕ್ಕೂ ತೆಂಗಿನೆಣ್ಣೆ ಅಲ್ವಾ, ನಿರೋಧ್‌ಗೆ ಅದನ್ನು ಹಚ್ಚಿದರೆ ರಬ್ಬರು ಸಡಿಲಾಗಿ ಹರಿಯುತ್ತದೆ.

ಹೆಂಗಸರ ಕಷ್ಟ ಬೇರೆಯೇ. ನಿರೋಧ್ ಹಾಕಿ ಅಂದರೆ "ನನ್ನ ಮೇಲೆ ಸಂಶಯವಾ" ಅಂತ ಗಂಡ ಸಿಟ್ಟಾಗುತ್ತಾನೆ. ಒಬ್ಬ ತಾಯಿ ಹೀಗೆ ಅಳುತ್ತಾ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ನಿರೋಧ್ ಬಳಸಬೇಕು ಅನ್ನುವ ಮಾತನ್ನು ಡಾಕ್ಟರೋ ನರ್ಸೋ ಗಂಡನಿಗೆ ನೇರವಾಗಿ ಹೇಳಬೇಕು, ಅವಳ ತಲೆಯ ಮೇಲೆ ಹಾಕಬಾರದು.

ಅದೂ ಅವನಿಗೆ ತಿಳಿಯುವ ಭಾಷೆಯಲ್ಲಿ. ನಮ್ಮ ಕೇರಳದಲ್ಲಿ ಈ ರೋಗಗಳ ಸರಕಾರಿ ಕ್ಲಿನಿಕ್‌ಗೆ 'ಪುಲರಿ' ಅಂತ ಹೆಸರು, ಮಲಯಾಳದಲ್ಲಿ ಮುಂಜಾವು ಅಂತ ಅರ್ಥ. ಒಳ್ಳೆಯ ಹೆಸರೇ. ಆದರೆ ಪೆರ್ಲ, ಮುಳ್ಳೇರಿಯ ಕಡೆಯ ಕನ್ನಡ ಓದಿದವನಿಗೆ ಬೋರ್ಡು ನೋಡಿದರೆ ಒಳಗೆ ಏನಿದೆ ಅಂತ ಗೊತ್ತಾಗಬೇಕಲ್ಲ? ನಾನು ಹೋದ ಒಂದು ಆಸ್ಪತ್ರೆಯಲ್ಲಿ ಈ ರೋಗಗಳ ಬಗ್ಗೆ ಕೈಗೆ ಕೊಟ್ಟ ಮಾಹಿತಿ ಹಾಳೆ ಪೂರ್ತಿ ಮಲಯಾಳದಲ್ಲಿತ್ತು. ಪುಲರಿಯಲ್ಲಿ ಪರೀಕ್ಷೆ, ಔಷಧಿ, ನಿರೋಧ್ ಎಲ್ಲ ಉಚಿತ. ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿದರೂ ದುಡ್ಡಿಲ್ಲದೆ ಸಲಹೆ ಸಿಗುತ್ತದೆ.

ಆರೋಗ್ಯ ಇಲಾಖೆಯವರು ಆ ಒಂದು ಹಾಳೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಲಿ. ಬರೆದುಕೊಡಲು ನಾನು ತಯಾರು. ನಮ್ಮ ಕೌಂಟರಿನಲ್ಲಿ, ಮಾತ್ರೆ ಕಟ್ಟುವ ಕವರಿನೊಳಗೇ ಹಾಕಿ ಕೊಡುತ್ತೇನೆ.

– ಒಬ್ಬ ಓದುಗ, ಬದಿಯಡ್ಕ